ನೂರಕ್ಕೆ ಏಳರ ಎಜಿದಿಯೊ

ಎಜಿದಿಯೊ ದಂಪತಿಗಳನ್ನು ನಾನು ಮೊದಲು ಕಂಡದ್ದು ಅವರು ಕೆನಡಾದಿಂದ ಮರಳಿ ಬಂದ ದಿನ. ದಕ್ಷಿಣ ಇಟಲಿಯ ಗುಡ್ಡದ ಮೇಲಿರುವ ನಮ್ಮ ಓಣಿಗೆ ಕಾರು ಹತ್ತುವುದಿಲ್ಲ. ಹೆಂಡತಿ ಫ್ಲೋರಿಂದಾ ಪೆಟ್ಟಿಗೆಗಳನ್ನು ಎಳೆಯುತ್ತ ಮೆಟ್ಟಿಲು ಹತ್ತುತ್ತಿದ್ದರೆ, ಎಜಿದಿಯೊ ಎರಡು ದೇಶಗಳ ಪಾಸ್‌ಪೋರ್ಟುಗಳಿದ್ದ ಕೈಚೀಲವೊಂದನ್ನೇ ಎದೆಗವಚಿಕೊಂಡು ಮುಂದೆ ನಡೆದಿದ್ದ. (ಭಾರವಾದದ್ದನ್ನು ತಾನೇ ಹೊತ್ತಿದ್ದೇನೆಂಬ ನಂಬಿಕೆ ಅವನದು.)

ತಾಯ್ನಾಡಿನ ಮೇಲಿನ ಪ್ರೀತಿ ಎಳೆದು ತಂದಿತೆಂದು ನಾವೆಲ್ಲ ಕಣ್ಣೊರೆಸಿಕೊಂಡೆವು. ಎಳೆದು ತಂದದ್ದು ತೆರಿಗೆ! ಪರದೇಶದ ಪಿಂಚಣಿಯವರು ನಮ್ಮಂಥ ಸಣ್ಣ ಊರಿನಲ್ಲಿ ನೆಲೆಸಿದರೆ ನೂರಕ್ಕೆ ಏಳೇ ಕಟ್ಟಿದರಾಯಿತು. ಆದರೆ ನಿವಾಸಿಯೆಂದು ಪುರಸಭೆಯಲ್ಲಿ ದಾಖಲಾಗಬೇಕು. ಅದಕ್ಕೆ ಮುನ್ನ ಪುರಸಭೆಯ ಪೊಲೀಸಿನವನು ಹೇಳದೆ ಕೇಳದೆ ಮನೆಗೆ ಬಂದು, ಇವರು ನಿಜವಾಗಿಯೂ ಇಲ್ಲಿ ಬಾಳುತ್ತಿದ್ದಾರೆಯೇ ಎಂದು ನೋಡಬೇಕು. ಇದು ತಪ್ಪಿದರೆ ಪಿಂಚಣಿಯ ದೊಡ್ಡ ತುತ್ತು ಸರಕಾರದ ಹೊಟ್ಟೆಗೆ.

"ಎದುರುಮನೆ ನುಂಜಿಯಕ್ಕನಿಗೆ ಒಂದು ಮಾತು ಹೇಳಿಡ್ತೀನಿ ರೀ. ನಾವಿಲ್ಲದಾಗ ಆ ಪೊಲೀಸಪ್ಪ ಬಂದ್ರೆ?" ಎಂದಳು ಫ್ಲೋರಿಂದಾ.

"ಬಾಯಿಗೆ ಬೀಗ ಹಾಕು ಮಾರಾಯ್ತಿ! ತೆರಿಗೆ ವಿಷಯ ಅಂದ್ರೆ ರಾಜರಹಸ್ಯ. ನುಂಜಿಯಕ್ಕನಿಗೆ ಹೇಳೋದೂ ಒಂದೇ, ಚರ್ಚಿನ ಗಂಟೆ ಹೊಡೆಸೋದೂ ಒಂದೇ."

"ಹಾಗಾದ್ರೆ ನೀವು ಮನೇಲೇ ಬಿದ್ದಿರಿ."

"ಯಾಕೆ, ನಾನೇನು ಜೈಲಲ್ಲಿದ್ದೀನಾ?"

ಸಂತೆಯ ದಿನ ಇಬ್ಬರೂ ಸಂತೆಗೆ ಹೋದರು. ಬೇರೆ ಊರಿನಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಪೊಲೀಸಿನವನು ಸರಿಯಾಗಿ ಆಗಲೇ ಬಂದ. ನುಂಜಿಯಾ ಬಾಗಿಲಲ್ಲಿ ಕುಳಿತು ಹುರುಳಿಕಾಯಿ ಬಿಡಿಸುತ್ತಿದ್ದಳು.

"ಎಜಿದಿಯೊ ಇಲ್ಲೇ ಇರೋದಾ, ಅಮ್ಮಾ?"

"ಯಾರು, ಕೆನಡಾಕ್ಕೆ ಹೋದವನಾ? ಅಯ್ಯೋ, ಅಲ್ಲೇ ಹಿಮದಲ್ಲಿ ಹೋಗಿಬಿಟ್ಟ ಕಣಪ್ಪ. ಒಳ್ಳೆ ಹುಡುಗ!" ಎಂದು ಆಕೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಮತ್ತೆ ಆ ಮನೆ ಹಗ್ಗದ ಮೇಲೆ ಒಣಗ್ತಿರೋ ಚಡ್ಡಿ ಯಾರದು?"

"ನಮ್ಮ ಯಜಮಾನರದು," ಎಂದಳು, ಗಂಡ ತೀರಿಹೋಗಿ ಎಷ್ಟೋ ಕಾಲವಾಗಿದ್ದ ನುಂಜಿಯಾ.

ಬೇಕರಿಯವನಂತೂ ಸತ್ತವನ ಆತ್ಮಶಾಂತಿಯ ಪೂಜೆಗೆ ತಾನೇ ಹೋಗಿ ಬಂದದ್ದಾಗಿ ಸಾಕ್ಷಿ ನುಡಿದ. ಪೊಲೀಸಿನವನು ಟೊಪ್ಪಿ ತೆಗೆದು ಸಂತಾಪ ಸೂಚಿಸಿ ಹಿಂದಿರುಗಿದ.

ಸಂತೆಯಿಂದ ಬಂದ ಎಜಿದಿಯೊನನ್ನು ನುಂಜಿಯಾ ದರದರನೆ ಒಳಗೆಳೆದುಕೊಂಡಳು. "ಹೆದರಬೇಡ ತಮ್ಮಾ! ಪೊಲೀಸು ಬಂದಿತ್ತು, ಸಾಗಹಾಕಿದ್ದೀನಿ. ನೀನು ಸತ್ತಿದ್ದೀಯ. ಓಣಿಯವರದೆಲ್ಲ ಒಂದೇ ಮಾತು!"

ಸತ್ತವನು ಅಲ್ಲಿದ್ದ ಕುರ್ಚಿ ಎಳೆದುಕೊಂಡು ಕುಳಿತ.

"ರಹಸ್ಯ ಭದ್ರವಾಗಿದೆಯಲ್ಲ, ಇನ್ನೇನು ಬೇಕು?" ಎಂದು ಫ್ಲೋರಿಂದಾ ಟೊಮೇಟೊ ಚೀಲವನ್ನು ಅವನ ಮಡಿಲಿಗೆ ಹಾಕಿದಳು.

ಎಜಿದಿಯೊ ಪುರಸಭೆಯಲ್ಲಿ ಹೊಸದಾಗಿ ಅರ್ಜಿ ಹಾಕಿ ಬಂದು, ಓಣಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದ: "ಕೇಳ್ರಪ್ಪಾ! ತೆರಿಗೆ ಕಟ್ಟೋಕೆ ಆ ಪೊಲೀಸಿನವನು ನನಗೆ ಬೇಕು!"

ಓಣಿ ಮುಖ ಮುಖ ನೋಡಿಕೊಂಡಿತು. "ತೆರಿಗೆ ಕಟ್ಟೋಕೆ ಪೊಲೀಸರನ್ನ ಕಾಯೋ ಮನುಷ್ಯ ಎಲ್ಲಾದ್ರೂ ಉಂಟಾ? ಪಾಪ, ಕೆನಡಾದಲ್ಲಿ ಕೊಲೆಯನ್ನೇ ಮಾಡಿರಬೇಕು, ಶರಣಾಗೋಕೆ ಹೊರಟಿದ್ದಾನೆ," ಎಂದು ನುಂಜಿಯಾ ನಿಟ್ಟುಸಿರಿಟ್ಟಳು.

ಈಗ ಎಜಿದಿಯೊ ಬೆಳಗಿನಿಂದ ಸಂಜೆಯವರೆಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೊಲೀಸಿನವನ ದಾರಿ ಕಾಯುತ್ತಾನೆ. ಓಣಿಯ ಬಾಯಲ್ಲಿ ನುಂಜಿಯಾ ಕಾವಲು ಕುಳಿತಿದ್ದಾಳೆ. ಟೊಪ್ಪಿ ಹಾಕಿದವರು ಯಾರೂ ಇದುವರೆಗೆ ಆಕೆಯನ್ನು ದಾಟಿ ಬಂದಿಲ್ಲ. ಅಂಚೆಯವನೂ ಬಂದಿಲ್ಲ.