ಪದ್ಮಕ್ಕನ ಕತ್ತರಿ

ಸಭೆಗಳಲ್ಲಿ ಭಾಷಣ ಮಾಡುವ ಗೃಹಸ್ಥರಿಗೆ ನನ್ನದೊಂದು ಬುದ್ಧಿಮಾತಿದೆ. ಲೋಕವನ್ನು ಎಷ್ಟು ಬೇಕಾದರೂ ತಿದ್ದಿರಿ, ಆದರೆ ನಿಮ್ಮ ಮಾತು ನಿಮ್ಮ ಮನೆಯವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಪರವೂರಿನಲ್ಲಿ ಮಾತಾಡುವುದು ಎಲ್ಲಕ್ಕಿಂತ ಕ್ಷೇಮ. ನಾನು ಜಮಖಂಡಿ ಸಂಸ್ಥಾನದ ಕಚೇರಿಯಲ್ಲಿ ಕಾರಕೂನನಾಗಿದ್ದೆ. ದಿನವಿಡೀ ಇನ್ನೊಬ್ಬರ ಮಾತನ್ನು ನಕಲು ಮಾಡುವ ಕೆಲಸ. ಹೀಗಾಗಿ ಸ್ವಂತದ ನಾಲ್ಕು ಮಾತಾಡುವ ಅವಕಾಶ ಸಿಕ್ಕರೆ ಹಗ್ಗ ಬಿಚ್ಚಿದ ಕರುವಿನಂತಾಗುತ್ತಿದ್ದೆ. ಹೆಣ್ಣುಮಕ್ಕಳಿಗೆ, ಅದರಲ್ಲೂ ಗಂಡನನ್ನು ಕಳೆದುಕೊಂಡವರಿಗೆ, ಸಂಸ್ಥಾನದವರು ಹೊಲಿಗೆಯ ವರ್ಗ ತೆರೆಯುತ್ತಾರೆಂಬ ಸುದ್ದಿ ಬಂದಾಗ ವಾಚನಾಲಯದ ಸಭೆಯಲ್ಲಿ ಎದ್ದು ನಿಂತು ಗುಡುಗಿದೆ. ಯಾವ ಹೆಣ್ಣೂ ಯಾರ ಹಂಗಿನಲ್ಲೂ ಇರಬಾರದು ಎಂದೆ. ಚಪ್ಪಾಳೆ ಬಿದ್ದವು. ಪರದೆಯ ಆಚೆ ಹೆಂಗಸರ ಸಾಲಿನಲ್ಲಿ ನನ್ನ ಅಕ್ಕ ಕೂತಿದ್ದಳೆಂಬುದು ನನಗೆ ಗೊತ್ತಿರಲಿಲ್ಲ.

ಪದ್ಮಕ್ಕ ನನ್ನ ಒಡಹುಟ್ಟಿದವಳು, ನನಗಿಂತ ದೊಡ್ಡವಳು. ತೇರದಾಳದಲ್ಲಿ ಭಾವ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದಿದ್ದಳು. ಅಂದಿನಿಂದ ಒಲೆ ಅವಳದು, ಬೀಸುವ ಕಲ್ಲು ಅವಳದು. ಅವಳಿಗೆ ನಮ್ಮಲ್ಲಿ ಏನೂ ಕಡಿಮೆಯಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅವಳನ್ನೊಬ್ಬಳನ್ನು ಬಿಟ್ಟು ಊರನ್ನೆಲ್ಲ ಕೇಳಿ ಈ ತೀರ್ಮಾನಕ್ಕೆ ಬಂದಿದ್ದೆ.

ಮರುದಿನ ಮುಂಜಾನೆ ನನ್ನ ತಾಟಿಗೆ ರೊಟ್ಟಿ ಹಾಕುತ್ತ ಅವಳು ಕೇಳಿದಳು.

"ತಮ್ಮಾ, ನಿನ್ನಿ ನೀ ಹೇಳಿದ್ದು ಖರೇ ಏನು?"

ಸುಳ್ಳು ಎನ್ನುವಂತಿಲ್ಲ. ಹೌದು ಎಂದೆ.

"ಹಂಗಾದ್ರ ನನ್ನ ಹೆಸರು ಹಚ್ಚಿ ಬಾ."

ನಾನು ಹೌಹಾರಿದೆ. ನನ್ನ ಭಾಷಣದಲ್ಲಿದ್ದದ್ದು ಊರವರ ಅಕ್ಕತಂಗಿಯರು, ನನ್ನ ಅಕ್ಕ ಅಲ್ಲ. ಹೆಂಡತಿ ನೀಲವ್ವನ ಕಡೆ ನೋಡಿದೆ. ಅವಳು ಆಗಲೇ ನನ್ನ ಅಂಗಿ, ರುಮಾಲು ತೆಗೆದಿಟ್ಟು, ಕಚೇರಿಗೆ ಹೋಗುವ ದಾರಿಯಲ್ಲೇ ಈ ಕೆಲಸ ಮುಗಿಸಿರೆಂದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು!

ವರ್ಗಕ್ಕೆ ಪುಣೆಯ ಕಡೆಯಿಂದ ಒಬ್ಬ ಶಿಕ್ಷಕಿ ಬಂದಿದ್ದರು. ಹೊಲಿಗೆ ಕಲಿಯಬೇಕಾದರೆ ಮೊದಲು ಹೊಲಿದದ್ದನ್ನು ಬಿಚ್ಚಿ ನೋಡಬೇಕು ಎಂಬುದು ಅವರ ಪಾಠದ ಕ್ರಮ. ಇದು ನನಗೆ ತಿಳಿದದ್ದು ದಸರೆಯ ದರಬಾರಿನ ಮುಂಜಾನೆ, ಕೋಟು ತರಲು ಪೆಟ್ಟಿಗೆ ತೆರೆದಾಗ. ಅಲ್ಲಿ ಕೋಟು ಇರಲಿಲ್ಲ. ನಡುಮನೆಯ ಹೊರಸಿನ ಮೇಲೆ ಇತ್ತು: ತೋಳೊಂದು ಕಡೆ, ಕೊರಳಪಟ್ಟಿ ಒಂದು ಕಡೆ, ಒಳಗಿನ ಅಸ್ತರು ಇನ್ನೊಂದು ಕಡೆ. ಮದುವೆಯಲ್ಲಿ ಮಾವ ಹೊಲಿಸಿಕೊಟ್ಟ, ನನ್ನ ಇಡೀ ಸಂಪತ್ತಿನಲ್ಲಿ ಮೈಮೇಲೆ ಕಾಣುವಂಥ ಒಂದೇ ವಸ್ತು! ಕೋಟಿಲ್ಲದೆ ದರಬಾರಿಗೆ ಹೋಗುವ ಬದಲು ಬಾವಿಗೆ ಹಾರುವುದು ಲೇಸು ಎಂದು ನಾನು ಕೂಗಾಡಿದೆ. ಪದ್ಮಕ್ಕ ಸೂಜಿಗೆ ದಾರ ಪೋಣಿಸುತ್ತ, ದರಬಾರು ಸಂಜೆಗಿದೆಯಲ್ಲ, ಬಾವಿಗೆ ಅವಸರವೇನು ಎಂದಳು.

ಸಂಜೆಗೆ ಕೋಟು ಸಿದ್ಧವಾಗಿತ್ತು. ಹಾಕಿಕೊಂಡು ಹೋದೆನಾದರೂ ಜೀವ ಕೈಯಲ್ಲಿತ್ತು. ಅರಸರ ಮುಂದೆ ನೆಲಕ್ಕೆ ಕೈ ಮುಟ್ಟುವಂತೆ ಬಾಗಿ ಮುಜರೆ ಮಾಡಬೇಕು. ಬಾಗಿದಾಗ ಬೆನ್ನ ಹೊಲಿಗೆ ಬಿಚ್ಚಿದರೆ ನನ್ನ ನೌಕರಿಯ ಹೊಲಿಗೆಯೂ ಬಿಚ್ಚಿದಂತೆಯೇ. ಕಣ್ಣು ಮುಚ್ಚಿ ಬಾಗಿದೆ. ಏನೂ ಆಗಲಿಲ್ಲ. ಮೊದಲು ಕಂಕುಳಲ್ಲಿ ಹಿಡಿಯುತ್ತಿದ್ದ ಕೋಟು ಈಗ ಸಲೀಸಾಗಿ ಬಾಗಲು ಬಿಟ್ಟಿತು. ಹೊರಗೆ ಬಂದಾಗ ನಮ್ಮ ಶಿರಸ್ತೇದಾರರು ಹೆಗಲ ಮೇಲೆ ಕೈಯಿಟ್ಟು, ಬಹಳ ಛಲೋ ಕೂತಿದೆ, ಯಾರ ಹೊಲಿಗೆ ಎಂದು ಕೇಳಿದರು. ನಮ್ಮ ಅಕ್ಕನದು ಎಂದೆ, ಎದೆ ಉಬ್ಬಿಸಿ. ಅವರು ಬಿಸಿ ಹಂಚು ಮುಟ್ಟಿದವರಂತೆ ಕೈ ತೆಗೆದುಕೊಂಡರು.

ಪದ್ಮಕ್ಕ ವರ್ಗ ಮುಗಿಸಿದಳು. ಸಂಸ್ಥಾನದ ಹೊಲಿಗೆಯ ಯಂತ್ರ ಚಕ್ಕಡಿ ಗಾಡಿಯಲ್ಲಿ ನಮ್ಮ ಮನೆಗೆ ಬಂತು. ಯುಗಾದಿಯೊಳಗೆ ಊರಿನ ಕೆಲಸ ಹಿಡಿದು ತೋರಿಸಿದವರಿಗೆ ಯಂತ್ರ ಸ್ವಂತ, ಇಲ್ಲವಾದರೆ ಅದೇ ಚಕ್ಕಡಿಯಲ್ಲಿ ವಾಪಸು ಎಂಬುದು ಕರಾರು. ಪೇಟೆಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು, ತನ್ನ ರೊಟ್ಟಿ ತಾನು ದುಡಿದು ತಿನ್ನಬೇಕೆಂಬುದು ಅವಳ ಆಸೆ. ಆದರೆ ಹೊಸ ಬಟ್ಟೆಗೆ ಗಂಡನಿಲ್ಲದವಳ ಕತ್ತರಿ ಮೊದಲು ತಾಗಬಾರದೆಂಬ ಭಯ ಊರಿಗೆಲ್ಲ ಇತ್ತು. ಶಿರಸ್ತೇದಾರರ ಕೈ ಹಿಂದೆ ಸರಿದದ್ದು ಇಂಥದೇ ಭಯಕ್ಕೆ. ಯಂತ್ರದ ಮೇಲೆ ಧೂಳು ಕೂತಿತು.

ದಾರಿ ಹುಡುಕಿದವರು ಆ ಶಿರಸ್ತೇದಾರರ ಹೆಂಡತಿಯೇ. ಒಂದು ದಿನ ಬಟ್ಟೆ ತಂದು, ಅರಿಷಿಣ ಕುಂಕುಮ ಹಚ್ಚಿಸಿ, ನೀಲವ್ವನ ಕೈಯಲ್ಲಿ ಅಂಚಿಗೊಂದು ಕತ್ತರಿ ಹಾಕಿಸಿದರು. ಮುಂದಿನದನ್ನು ಪದ್ಮಕ್ಕ ಕತ್ತರಿಸಬಹುದಂತೆ, ದೋಷವಿಲ್ಲವಂತೆ! ಊರಿಗೆ ಇದು ಬಹಳ ಹಿಡಿಸಿತು. ಗಂಟು ಗಂಟು ಬಟ್ಟೆ ಬಂದವು. ನನಗಂತೂ ಪರಮ ಸಂತೋಷ. ಸುಧಾರಣೆಯೂ ಆಯಿತು, ಯಾರಿಗೂ ಬೇಸರವೂ ಇಲ್ಲ. ಒಲೆಯ ಮುಂದಿನಿಂದ ಎದ್ದು ಬಂದು ಬಂದು ಕತ್ತರಿ ಹಾಕುವ ನೀಲವ್ವನ ರೊಟ್ಟಿ ಮಾತ್ರ ಸೀಯತೊಡಗಿದವು.

ಒಂದು ದಿನ ಪದ್ಮಕ್ಕ ಕತ್ತರಿಯನ್ನು ನೀಲವ್ವನ ಕೈಗೆ ಕೊಡಲಿಲ್ಲ.

"ಕತ್ತರಿ ನಂದು, ಕಲತದ್ದು ನಾನು. ಮೊದಲ ನಾನ ಇಡತೇನಿ. ಒಲ್ಲದವರು ಅರಿವಿ ತಗೊಂಡು ಹೋಗಲಿ."

ಜನ ಹೋದರು. ತಂದ ಗಂಟುಗಳನ್ನು ಬಗಲಲ್ಲಿಟ್ಟುಕೊಂಡು ಒಬ್ಬೊಬ್ಬರಾಗಿ ಹೋದರು. ಯುಗಾದಿ ಹತ್ತಿರ ಬಂದಿತ್ತು. ಕೈಗೆ ಬಂದ ತುತ್ತು ಹೀಗೆ ಚೆಲ್ಲುತ್ತಾರೆಯೇ ಎಂದು ನಾನು ತಲೆ ಚಚ್ಚಿಕೊಂಡೆ. ನೀಲವ್ವ ಮಾತ್ರ ಆ ದಿನ ರೊಟ್ಟಿ ನೆಟ್ಟಗೆ ಬೇಯಿಸಿದಳು.

ಅದೇ ವಾರ ಮುಧೋಳದಿಂದ ಬೀಗರು ಬಂದರು. ನನ್ನ ಮಗಳು ತಾರಾಳ ಮದುವೆ ಅವರ ಮಗನೊಂದಿಗೆ ಗೊತ್ತಾಗಿತ್ತು. ಬೀಗಿತಿ ಅಂದರೆ ಮೊದಲೇ ಖಡಕ್ಕು ಹೆಂಗಸು. ಮದುವೆಯ ಕುಪ್ಪಸಕ್ಕೆಂದು ಗುಳೇದಗುಡ್ಡದ ಖಣ ತಂದಿದ್ದಳು. ಆ ಖಣ ಚಾಪೆಯ ಮೇಲೆ ಬಿಚ್ಚಿಕೊಂಡಿತು, ಸುತ್ತ ಎಲ್ಲರೂ ಕೂತರು. ಪದ್ಮಕ್ಕ ಕತ್ತರಿ ಹಿಡಿದು ನನ್ನ ಮುಖ ನೋಡಿದಳು.

"ನಿನ್ನ ಮಗಳ ಮದುವಿ ಕುಪ್ಪಸ, ತಮ್ಮಾ. ಯಾರು ಕತ್ತರಸಬೇಕು, ನೀ ಹೇಳು."

ಊರವರ ಅಂಜಿಕೆಯನ್ನು ಕಂಡು ಇಷ್ಟು ದಿನ ನಗಾಡಿದವನಿಗೆ, ಖಣದ ಒಂದಂಗುಲ ಅಂಚು ಪ್ರಪಾತದ ಹಾಗೆ ಕಂಡಿತು. ಎಲ್ಲಾದರೂ ಏನಾದರೂ ಆದರೆ? ಇದೇ ಮಾತು ನನ್ನ ಮನಸ್ಸಿನಲ್ಲೂ ಎದ್ದದ್ದು ಕಂಡು ನನಗೇ ಹೇಸಿಗೆಯಾಯಿತು, ಆದರೂ ಅದು ಎದ್ದು ಹೋಗಲಿಲ್ಲ. ಕೆಮ್ಮಿದೆ. ಎರಡೂ ಕೈ ನಮ್ಮ ಮನೆಯವೇ ಅಲ್ಲವೇ, ಯಾರಾದರೇನು, ಬೀಗರು ಹೇಳಿದ ಹಾಗೆ ಆಗಲಿ ಎಂದು ಏನೇನೋ ತೊದಲಿದೆ.

ತಾರಾ ಖಣವನ್ನು ಸೋದರತ್ತೆ ಪದ್ಮಕ್ಕನ ಕಡೆ ಸರಿಸಿದಳು. "ಹಾಕ್ಕೊಳ್ಳಾಕಿ ನಾನು, ಅತ್ತಿ. ನೀ ಕತ್ತರಸು."

ಈಗ ಬೀಗಿತಿ ಎದ್ದು ನಿಲ್ಲುತ್ತಾಳೆ, ಮದುವೆ ಮುರಿಯಿತು ಎಂದು ಕಾದೆ. ಆಕೆ ಅಡಿಕೆಯ ಹೋಳು ಬಾಯಿಗೆ ಹಾಕಿಕೊಂಡು, ಖಣವನ್ನೊಮ್ಮೆ, ಪದ್ಮಕ್ಕನನ್ನೊಮ್ಮೆ ನೋಡಿದಳು.

"ಕಂಕುಳಾಗ ಬಿಗಿ ಆಗಬಾರದು ನೋಡ್ರಿ," ಎಂದಳು. ಅಷ್ಟೇ.

ಮುಂದೆ ಮುಧೋಳದಿಂದಲೇ ಕೆಲಸ ಬಂತು. ಅದನ್ನು ನೋಡಿ ಜಮಖಂಡಿಯವರೂ ಮೆಲ್ಲಗೆ ಬಂದರು. ಯಂತ್ರ ಉಳಿಯಿತು, ಪೇಟೆಯಲ್ಲಿ ಖೋಲಿಯೂ ಸಿಕ್ಕಿತು, ತಾರಾ ಮಕ್ಕಳ ತಾಯಿಯಾಗಿ ಸುಖವಾಗಿದ್ದಾಳೆ. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಆ ಹೊತ್ತು. ಕತ್ತರಿ ಅಂಚನ್ನು ಮುಟ್ಟಿತು, ಕರ್ರೆಂದು ಸಾಗಿತು, ಖಣ ಎರಡಾಯಿತು. ಸೂರು ಕಳಚಿ ಬೀಳಲಿಲ್ಲ. ಹೆಂಗಸರು ಆಗಲೇ ತೋಳಿನ ಉದ್ದದ ಮಾತಿಗಿಳಿದಿದ್ದರು. ಪದ್ಮಕ್ಕ ಬಟ್ಟೆಯಿಂದ ಕಣ್ಣೆತ್ತದೆ ಹೇಳಿದಳು.

"ಉಸಿರು ಬಿಡು ತಮ್ಮಾ, ಆತು."