ಮೆಟ್ಟಿಲ ಮೇಲೆ ಕೂತ ಮ್ಯೂಸಿಯಂ

ಗಾಜಿನ ಪೆಟ್ಟಿಗೆಯಲ್ಲಿಟ್ಟ ವಸ್ತು ಸುಮ್ಮನಿರುತ್ತದೆ, ನೋಡಲು ಬರುವ ಜನ ಸುಮ್ಮನಿರುವುದಿಲ್ಲ. ಚೆನ್ನೈನ ಒಂದು ಖಾಸಗಿ ಮ್ಯೂಸಿಯಂನಲ್ಲಿ ನಾನು ಬಹಳ ಕಾಲ ಕ್ಯುರೇಟರ್ ಆಗಿದ್ದೆ. ಯಾವ ಕಲಾಕೃತಿ ಎಲ್ಲಿರಬೇಕು, ಪಕ್ಕದಲ್ಲಿ ಏನು ಬರೆದಿರಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಆಗ ಕಲ್ಲು, ಕಂಚಿನ ಜೊತೆ ಸಂಸಾರ. ಡೈರೆಕ್ಟರ್ ಆದಮೇಲೆ ಮನುಷ್ಯರ ಜೊತೆ. ಅಲ್ಲಿಂದಾಚೆ ನನಗೆ ಯಾವುದೂ ಸರಿಯಾಗಿ ಅರ್ಥವಾಗಿಲ್ಲ.

೧. ಬಡ್ತಿ

ನಮ್ಮ ಟ್ರಸ್ಟಿನ ಯಜಮಾನರದು ಕರ್ನಾಟಕದಿಂದ ಬಂದು ಇಲ್ಲೇ ಬೇರೂರಿದ ವ್ಯಾಪಾರಸ್ಥರ ಮನೆತನ. ಒಂದು ದಿನ ಕರೆದು, “ಮೇಡಂ, ಇನ್ಮೇಲೆ ನೀವೇ ಡೈರೆಕ್ಟರ್” ಅಂದರು. ನನಗೆ ಸಂತೋಷದಿಂದ ಕಣ್ಣು ತುಂಬಿ ಬಂತು.

“ದಸರಾವರೆಗೂ ನೋಡ್ತೀನಿ. ಜನ ಬರ್ಲಿಲ್ಲಾಂದ್ರೆ ಇದನ್ನ ಕಲ್ಯಾಣ ಮಂಟಪ ಮಾಡಿಬಿಡ್ತೀನಿ. ಪಾರ್ಕಿಂಗ್ ಎಷ್ಟು ಚೆನ್ನಾಗಿದೆ, ಪಾರುಂಗೊ, ನೀವೇ ನೋಡಿ!”

ತುಂಬಿದ ಕಣ್ಣನ್ನು ಈಗ ಏನು ಮಾಡಬೇಕೋ ತಿಳಿಯಲಿಲ್ಲ. “ಆಗ ನನ್ನ ಗತಿ ಏನು ಸಾರ್?” ಎಂದೆ.

“ಅಯ್ಯೋ, ನಿಮ್ಮನ್ನ ಬಿಡ್ತೀನಾ? ಹೂವಿನ ಡೆಕೊರೇಷನ್ ನೋಡ್ಕೊಳಿ.”

೨. ಬಾಗಿಲಲ್ಲಿ ಚಪ್ಪಲಿ

ಜನರನ್ನು ಸೆಳೆಯಬೇಕಲ್ಲ, ಹೊಸ ಕಾಲದ ಕಲೆ ತರಿಸಿದೆ. ಒಬ್ಬ ಕಲಾವಿದೆ ಕ್ರೋಂಪೇಟೆಯ ಚರ್ಮದ ಕೆಲಸಗಾರರ ನೆನಪಿಗೆಂದು ಸವೆದ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದರು. ಜೋಡಿಸಿದ್ದು ಕಂಚಿನ ದೇವರುಗಳ ಕೋಣೆಯ ಬಾಗಿಲಲ್ಲಿ. ಒಳಗೆ ದೇವರು, ಹೊರಗೆ ಚಪ್ಪಲಿ ಸಾಲು ಇದ್ದರೆ ನಮ್ಮ ಜನ ಏನು ಮಾಡುತ್ತಾರೆ? ತಮ್ಮದನ್ನೂ ಬಿಟ್ಟು ಒಳಗೆ ಹೋಗುತ್ತಾರೆ. ಪಲ್ಲಾವರಂನ ಹಿರಿಯರೊಬ್ಬರು ಹೊಸ ಚಪ್ಪಲಿ ಬಿಟ್ಟು, ಬರುವಾಗ ಗಡಿಬಿಡಿಯಲ್ಲಿ ಕಲಾಕೃತಿಯನ್ನು ಮೆಟ್ಟಿಕೊಂಡು ರೈಲು ಹತ್ತಿದರು.

ಮಾರನೆಯ ದಿನ ಬದಲಾಯಿಸಿಕೊಳ್ಳಲು ಬಂದರು. ಕಲಾವಿದೆಯೂ ಅಲ್ಲೇ ಇದ್ದರು. “ಈ ಹೊಸ ಜೋಡಿಯಿಂದಲೇ ಕೃತಿಗೆ ಪೂರ್ಣತೆ ಬಂದಿದೆ, ಕೊಡೋದಿಲ್ಲ” ಅಂತ ಅವರ ಹಟ. ಹಿರಿಯರು ನನ್ನ ಮುಖ ನೋಡಿದರು, ನಾನು ಚಪ್ಪಲಿಯ ಮುಖ ನೋಡಿದೆ. ಇಷ್ಟು ವರ್ಷ ಓದಿದ ಕಲಾ ಇತಿಹಾಸದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಕೊನೆಗೆ ಹಿರಿಯರೇ ತೀರ್ಪು ಕೊಟ್ಟರು: “ಸರಿಮ್ಮಾ, ಇಲ್ಲೇ ಇರಲಿ. ಆದರೆ ಕೆಳಗೆ ನನ್ನ ಹೆಸರೂ ಬರೀರಿ!”

೩. ಅಳತೆ

ಮಂಟಪದ ಸುದ್ದಿ ಊರೆಲ್ಲ ಹಬ್ಬಿತ್ತು. ಒಂದು ಮಧ್ಯಾಹ್ನ ಮದುವೆ ವಯಸ್ಸಿನ ಹುಡುಗಿಯೊಂದಿಗೆ ಒಂದು ಇಡೀ ಕುಟುಂಬವೇ ಅಳತೆ ಟೇಪು ಹಿಡಿದು ಬಂತು. ಜನ ಬಂದರಲ್ಲ ಎಂದು ನಾನು ಹಿಗ್ಗಿ, ಚೋಳರ ಕಾಲದ ಶಿಲ್ಪಗಳನ್ನೆಲ್ಲ ವಿವರಿಸಿದೆ. ಹುಡುಗಿಯ ತಾಯಿ ಭಕ್ತಿಯಿಂದ ಕೇಳಿಸಿಕೊಂಡು, “ವಧುವಿನ ಕೋಣೆ ಎಲ್ಲಿ?” ಎಂದರು.

“ಅಮ್ಮಾ, ಇವು ಸಾವಿರ ವರ್ಷ ಹಳೆಯ ಕಲ್ಲುಗಳು!”

“ಬೇಜಾರು ಮಾಡ್ಕೋಬೇಡಿ,” ಆಕೆ ನನ್ನನ್ನೇ ಸಮಾಧಾನಪಡಿಸಿದರು. “ಮೇಲೆ ಬಟ್ಟೆ ಹಾಕಿದ್ರೆ ಹಳೇದು ಅಂತ ಗೊತ್ತಾಗಲ್ಲ.”

೪. ಬೊಂಬೆ

ದಸರಾ ಬಂದೇಬಿಟ್ಟಿತು. ನನ್ನ ಕೊನೆಯ ಆಸೆ, ಯಾರೋ ದಾನ ಕೊಟ್ಟಿದ್ದ ಹಳೆಯ ಮಣ್ಣಿನ ಬೊಂಬೆಗಳ ಪ್ರದರ್ಶನ. ಗಾಜಿನ ಶೋಕೇಸು ಸಮಯಕ್ಕೆ ಬರಲಿಲ್ಲ. ಬಡಗಿಯಿಂದ ಮರದ ಮೆಟ್ಟಿಲು ಮಾಡಿಸಿ, ಬಿಳಿ ಬಟ್ಟೆ ಹಾಸಿ, ಬೊಂಬೆಗಳನ್ನಿಟ್ಟು, ‘ಮಣ್ಣಿನ ಆಟಿಕೆಗಳಲ್ಲಿ ಸಮಾಜದ ಚಿತ್ರಣ’ ಎಂದು ಫಲಕ ಹಾಕಿದೆ.

ಫಲಕವನ್ನು ಯಾರೂ ಓದಲಿಲ್ಲ. ನವರಾತ್ರಿಯಲ್ಲಿ ಮೆಟ್ಟಿಲ ಮೇಲೆ ಬೊಂಬೆ ಕಂಡರೆ ಚೆನ್ನೈಗೆ ಅದು ಕೊಲು, ಅಂದರೆ ನಮ್ಮ ಕಡೆಯ ದಸರಾ ಬೊಂಬೆ ಪೂಜೆ, ಬೇರೇನೂ ಅಲ್ಲ. ಹೆಂಗಸರು ರೇಷ್ಮೆ ಸೀರೆಯುಟ್ಟು ಬಂದರು, ನೆಲದ ಮೇಲೆ ಕೂತು ಹಾಡಿದರು, ನನ್ನ ಹಣೆಗೆ ಕುಂಕುಮವಿಟ್ಟು “ಸುಂಡಲ್ ಎಲ್ಲಿ?” ಎಂದು ಗದರಿದರು. ಮರುದಿನದಿಂದ ಕ್ಯಾಂಟೀನಿನಲ್ಲಿ ಪ್ರಸಾದದ ಸುಂಡಲಿಗೆ ಕಡಲೆ ಬೇಯಲು ಶುರುವಾಯಿತು. ನಾನು ಮ್ಯೂಸಿಯಂ ನಡೆಸುತ್ತಿದ್ದೇನೋ ಹಬ್ಬ ಮಾಡುತ್ತಿದ್ದೇನೋ ನನಗೇ ಗೊತ್ತಾಗಲಿಲ್ಲ. ಜನವಂತೂ ಜಾತ್ರೆ.

ಯಜಮಾನರು ತಾಯಿಯನ್ನು ಕರೆದುಕೊಂಡು ಬಂದರು. ಜನರನ್ನೆಲ್ಲ ನೋಡಿ ತಲೆಯಾಡಿಸಿದರು. “ಇವರೆಲ್ಲ ಹಬ್ಬಕ್ಕೆ ಬಂದೋರು ಮೇಡಂ, ಮ್ಯೂಸಿಯಂಗಲ್ಲ. ಹಬ್ಬ ಮುಗೀಲಿ, ಮಂಟಪದ ಕೆಲಸ ಶುರು ಮಾಡೋಣ.”

ಸುಂಡಲ್ ಹಂಚುತ್ತಿದ್ದ ಕೈ ಅಲ್ಲೇ ನಿಂತಿತು.

ಅಷ್ಟರಲ್ಲಿ ಅವರ ತಾಯಿ ಕೇಳಿದರು, “ಇಲ್ಲಿ ಬೊಂಬೆ ಕೂರ್ಸಿದ್ದು ಇದೇ ಮೊದಲ ವರ್ಷಾನಾ ತಾಯಿ?”

“ಹೌದಮ್ಮ.”

“ಯಾರ ಹೆಸರಲ್ಲಿ?”

ಏನು ಹೇಳಲಿ? ಬಾಗಿಲ ಮೇಲಿನ ಬೋರ್ಡಿನಲ್ಲಿದ್ದುದು ಯಜಮಾನರ ಹೆಸರು. ಅದನ್ನೇ ತೋರಿಸಿದೆ.

ಅಜ್ಜಿ ಮಗನ ಕಡೆ ತಿರುಗಿದರು. “ಕೇಳಿಸ್ಕೊಂಡ್ಯೇನೋ? ಒಂದ್ಸಲ ಕೂರ್ಸಿದ್ಮೇಲೆ ವರ್ಷಾ ವರ್ಷಾ ಕೂರಿಸ್ಬೇಕು. ನಿಲ್ಲಿಸಬಾರ್ದು, ಜಾಗ ಬದಲಾಯಿಸಬಾರ್ದು. ಮನೆಗೆ ಆಗಿಬರಲ್ಲ.”

“ಅಮ್ಮಾ, ಇದು ಕೊಲು ಅಲ್ಲ, ಎಕ್ಸಿಬಿಷನ್ನು...”

“ಮತ್ತೆ ಮೆಟ್ಟಿಲು ಯಾಕಿದೆ?”

ಅಜ್ಜಿ ಬೊಂಬೆಗಳಿಗೆ ಆರತಿ ಎತ್ತಿದರು, ಮಗ ಕೈಮುಗಿದು ನಿಂತರು. ಮ್ಯೂಸಿಯಂ ಉಳಿಯಿತು. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

ಹೊರಡುವಾಗ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, ತಾಯಿಗೆ ಕೇಳಿಸದ ಹಾಗೆ ಮೆಲ್ಲಗೆ ಬೇಡಿಕೊಂಡರು:

“ಮೇಡಂ, ಕಂಚು, ಕಲ್ಲು, ಚಪ್ಪಲಿ, ಏನು ಬೇಕಾದ್ರೂ ಇಡಿ. ಆದ್ರೆ ನನ್ನ ಬೇರೆ ಬಿಲ್ಡಿಂಗ್‌ಗಳಲ್ಲಿ ಮಾತ್ರ ದಯವಿಟ್ಟು ಏನನ್ನೂ ಮೆಟ್ಟಿಲ ಮೇಲೆ ಇಡಬೇಡಿ!”