ರಿವರ್ಸ್ ಲೈಟಿನೊಳಗೊಂದು ಕಾಡು

ಮಳೆ ಬಾರದ ದಿನವನ್ನು ಪ್ರಿನ್ಸ್ ರೂಪರ್ಟ್ ಎಂಬ ಕಡಲತೀರದ ಊರಿನ ಜನ ಮಕ್ಕಳ ಹುಟ್ಟುಹಬ್ಬದ ಹಾಗೆ ನೆನಪಿಟ್ಟುಕೊಳ್ಳುತ್ತಾರೆ. ಅಂಥ ಊರಲ್ಲಿ ಆರ್ವಿಡ್ ನೀರಿನ ಮೇಲೆ ಸಮರ ಸಾರಿದ್ದ. ಆಯುಷ್ಯವಿಡೀ ಮೀನಿನ ದೋಣಿ ನಡೆಸಿ, ಒಂದು ತೊಟ್ಟು ನೀರನ್ನೂ ಒಳಬಿಡದ ಪರಾಕ್ರಮಿ ಅವನು. (ಇದು ಅವನದೇ ಹೇಳಿಕೆ. ಈ ಮಾತು ಬಂದಾಗಲೆಲ್ಲ ಹೆಂಡತಿ ಲೊರೀನ್‌ಗೆ ಕೆಮ್ಮು ಬರುತ್ತದೆ.) ಈಗ ನಿವೃತ್ತನಾದ ಮೇಲೆ ಅವನ ಹಳೇ ಕಾರಿನ ರಿವರ್ಸ್ ಲೈಟಿನೊಳಗೆ ನೀರು ಸೇರಿಕೊಂಡು, ತಿರುವು ಬಂದಲ್ಲೆಲ್ಲ ಗುಳುಗುಳು ಎಂದು ಅಣಕಿಸುತ್ತಿತ್ತು. ಒಳಗೆಲ್ಲ ಮಂಜು ಕಟ್ಟಿ, ದೀಪ ಹಾಲು ಕುಡಿದಿಟ್ಟ ಲೋಟದಂತಾಗಿತ್ತು.

ಹೆಂಡತಿಯ ಹೇರ್ ಡ್ರೈಯರ್ ಹಿಡಿದ. ಡ್ರೈಯರ್ ಸುಟ್ಟುಹೋಯಿತು, ನೀರು ಜಗ್ಗಲಿಲ್ಲ. ದೀಪವನ್ನೇ ಕಳಚಿ ಅಕ್ಕಿ ಡಬ್ಬಿಯಲ್ಲಿ ಹೂತ.

"ಒಂದು ತುಂಡು ಸಾಲ್ಮನ್ ಮೀನೂ ಹಾಕು, ಊಟಕ್ಕಾದ್ರೂ ಆಗತ್ತೆ," ಎಂದಳು ಲೊರೀನ್.

ಕೊನೆಗೆ ಆರ್ವಿಡ್ ಬ್ರಹ್ಮಾಸ್ತ್ರ ತೆಗೆದ. ಲೈಟಿನ ನೀರನ್ನೆಲ್ಲ ಬಸಿದು, ದೋಣಿಗೆ ಹಚ್ಚುವ ಅಂಟನ್ನು ಸುತ್ತಲೂ ಮೆತ್ತಿ ಮತ್ತೆ ಕೂರಿಸಿದ. ವಾರ ಕಳೆಯಿತು, ಮಂಜು ಮಾಯ!

"ಬಾರೇ ಇಲ್ಲಿ! ಒಂದೇ ಒಂದು ಹನಿ ತೋರಿಸು, ಮೀಸೆ ಬೋಳಿಸ್ಕೋತೀನಿ!"

ಲೊರೀನ್ ಬಗ್ಗಿ ನೋಡಿದಳು. ಗಾಜಿಗೆ ಮೂಗು ಒತ್ತಿ ಮತ್ತೆ ನೋಡಿದಳು. ಆರ್ವಿಡ್‌ಗೆ ಭಯವಾಯಿತು.

"ಏನಾಯ್ತೇ?"

"ಶ್... ಮೆಲ್ಲಗೆ. ನೋಡಿಲ್ಲಿ."

ಮಂಜು ಸರಿದ ಗಾಜಿನ ಹಿಂದೆ ಹಸಿರು ಪಾಚಿ ದಟ್ಟವಾಗಿ ಬೆಳೆದಿತ್ತು. ಕೂದಲೆಳೆಯಂಥ ಕಾಂಡಗಳು, ತುದಿಯಲ್ಲಿ ಪುಟಾಣಿ ಟೋಪಿಗಳು. ನಡುವೆ ಸಾಸಿವೆ ಗಾತ್ರದ ಒಂದು ಬಸವನಹುಳ ಗಂಭೀರವಾಗಿ ಬೆಟ್ಟ ಹತ್ತುತ್ತಿತ್ತು.

ಲೊರೀನ್ ಕಾರಿನಲ್ಲಿ ಕೂತು, ಬ್ರೇಕ್ ಒತ್ತಿ ಹಿಡಿದು ರಿವರ್ಸ್ ಗೇರ್ ಹಾಕಿದಳು. ಪಕ್ಕಕ್ಕೆ ನಿಂತಿದ್ದ ಆರ್ವಿಡ್ ನೋಡಿದ: ಕಾರಿನ ಹಿಂದಿದ್ದ ಸೌದೆ ಕೊಟ್ಟಿಗೆಯ ಒದ್ದೆ ಗೋಡೆಯ ಮೇಲೆ ಹಸಿರು ಬೆಳಕು ನಡುಗುತ್ತಿತ್ತು. ತನಗೇ ತಿಳಿಯದಂತೆ ಟೋಪಿ ತೆಗೆದ.

"ಲೊರೀನ್, ಇಷ್ಟು ದಿನ ಇವರನ್ನೆಲ್ಲ ಹಿಂದೆ ಕೂರಿಸ್ಕೊಂಡು ಅಂಗಡಿಗೆ ಹೋಗ್ತಿದ್ವಾ ನಾವು?" ಎಂದು ಪಿಸುಗುಟ್ಟಿದ.

ಆದರೆ ದಿನ ಕಳೆದಂತೆ ಹಸಿರು ಕಂದತೊಡಗಿತು. ಲೊರೀನ್ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಕಾಡು ಒಣಗಿಸಿದ್ಯಲ್ಲೋ ಪುಣ್ಯಾತ್ಮ! ಕಿತ್ತು ಹಾಕು ಆ ಅಂಟು!"

ಕಿತ್ತ, ಕೆರೆದ, ಉಳಿಯಿಂದ ಮೀಟಿದ. ಜನ್ಮದಲ್ಲಿ ಮೊದಲ ಸಲ ಅವನು ಹಚ್ಚಿದ ಅಂಟು ಅಲ್ಲಾಡಲಿಲ್ಲ. ಬೇರೆ ದಾರಿಯಿಲ್ಲದೆ ಲೈಟಿನ ನೆತ್ತಿಗೆ ತಾನೇ ತೂತು ಕೊರೆದು, ಸುರಿಯುವ ಮಳೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕಿವಿಗೆ ಔಷಧಿ ಬಿಡುವ ಡ್ರಾಪರಿನಿಂದ ಹನಿ ಹನಿ ನೀರು ಬಿಡತೊಡಗಿದ.

ಪಕ್ಕದ ಮನೆಯ ಕ್ಲೈಡ್ ಬೇಲಿಯಾಚೆಯಿಂದ ಇಣುಕಿದ. "ಏನಪ್ಪಾ ಆರ್ವಿಡ್, ಇನ್ನೂ ಸೋರ್ತಿದ್ಯಾ?"

"ಸೋರ್ತಿಲ್ಲ ಮಾರಾಯ!" ಆರ್ವಿಡ್ ಅಳುವುದೊಂದು ಬಾಕಿ. "ಅದೇ ಕಷ್ಟ!"

ಅಡುಗೆಮನೆಯ ಕಿಟಕಿ ತೆರೆಯಿತು. "ಮೆಲ್ಲಗೆ ಬಿಡೋ! ಹುಳ ಮುಳುಗೀತು!"